ದಡದಲ್ಲಿ ಸುಮ್ಮನೆ ಕುಳಿತವರ ಮುಂದಿನ ಮಡು ಯಾರದು?

ಪ್ರಶ್ನೆ: ಟ್ರೌಟ್ ಮೀನಿಗೆ ಫ್ಲೈ, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಕೃತಕ ಕೀಟ, ಕಟ್ಟಿದ ಗಾಳ ಹಾಕುವುದನ್ನು ಇತ್ತೀಚೆಗಷ್ಟೇ ಕಲಿತಿದ್ದೇನೆ. ರಜಾದಿನದಂದು ತೊರೆಗೆ ಹೋದಾಗ ಅಲ್ಲಿ ಆಗಲೇ ಹಲವರಿದ್ದರು. ಒಂದು ಮಡುವಿನ ಕೆಳತುದಿಯಲ್ಲಿ ಒಬ್ಬರು ಗಾಳದ ಕೋಲನ್ನು ಪಕ್ಕಕ್ಕಿಟ್ಟು ಬಂಡೆಯ ಮೇಲೆ ಸುಮ್ಮನೆ ಕುಳಿತಿದ್ದರು. ಅವರದು ಮುಗಿದಿರಬೇಕೆಂದುಕೊಂಡು, ಅವರಿಂದ ಮೂವತ್ತು ಹೆಜ್ಜೆಯಷ್ಟು ಮೇಲಕ್ಕೆ ಹೋಗಿ ನೀರಿಗಿಳಿದೆ. ಅವರು ಏನೋ ಗೊಣಗುತ್ತ ಎದ್ದು ಹೊರಟುಹೋದರು. ನೀರಿನಲ್ಲೇ ಇಲ್ಲದವರಿಗೆ ಆ ನೀರಿನ ಮೇಲೆ ಯಾವ ಹಕ್ಕು? ಇಬ್ಬರ ನಡುವೆ ಎಷ್ಟು ಅಂತರವಿದ್ದರೆ ಸಾಕು?

ಉತ್ತರ: ಆ ಮಡು ಆ ಹೊತ್ತಿಗೆ ಅವರದೇ ಆಗಿತ್ತು. ಅವರು ಸುಮ್ಮನೆ ಕುಳಿತಿರಲಿಲ್ಲ, ಬಹುಮಟ್ಟಿಗೆ ಮಡುವಿಗೆ ವಿಶ್ರಾಂತಿ ಕೊಡುತ್ತಿದ್ದರು. ಒಮ್ಮೆ ಬೆದರಿದ ಟ್ರೌಟ್ ಮತ್ತೆ ಮೇಲೆದ್ದು ಕೀಟಗಳನ್ನು ತಿನ್ನತೊಡಗಲು ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಗಂಟೆಯೇ ಹಿಡಿಯುತ್ತದೆ. ಅಲ್ಲಿಯವರೆಗೆ ಕೋಲನ್ನು ಕೆಳಗಿಟ್ಟು, ಮೀನು ಎಲ್ಲಿ ಬಾಯಿ ಹಾಕುತ್ತಿದೆ, ಯಾವ ಕೀಟವನ್ನು ಹಿಡಿಯುತ್ತಿದೆ ಎಂದು ನೋಡುತ್ತ ಕೂರುವುದು ಅನುಭವಿಗಳ ಪದ್ಧತಿ. ನಮ್ಮ ರೂಢಿಯಲ್ಲಿ ಹಾಗೆ ಕುಳಿತವರು ನೀರಿನಲ್ಲಿ ನಿಂತವರಿಗೆ ಸಮಾನರು. ಅವರು ಎದ್ದು ನಡೆದ ಮೇಲೆಯೇ ಜಾಗ ತೆರವಾಯಿತೆಂದು ಭಾವಿಸಬೇಕು.

ನೀವು ಇಳಿದ ಜಾಗವೂ ತಪ್ಪಾಗಿತ್ತು, ಮತ್ತು ಅದರ ಕಾರಣ ಮೀನಿನಲ್ಲೇ ಇದೆ. ಟ್ರೌಟ್ ಹರಿವಿಗೆ ಮುಖಮಾಡಿ ನಿಲ್ಲುತ್ತದೆ, ಏಕೆಂದರೆ ಅದರ ಆಹಾರ ತೇಲಿ ಬರುವುದು ಮೇಲಿನಿಂದ. ಕಣ್ಣುಗಳು ತಲೆಯ ಎರಡೂ ಬದಿಯಲ್ಲಿರುವುದರಿಂದ ಮುಂದೆ, ಅಕ್ಕಪಕ್ಕ ಮತ್ತು ಮೇಲೆ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬಾಲದ ಹಿಂದಿನ ಒಂದು ಕಿರಿದಾದ ಪಟ್ಟಿ ಮಾತ್ರ ಕಾಣುವುದಿಲ್ಲ. ತೇಲುವ ಫ್ಲೈ ಬಳಸುವವರು ಆ ಕುರುಡು ಪಟ್ಟಿಯನ್ನೇ ನಂಬಿಕೊಂಡು ಕೆಳಗಿನಿಂದ ಬಂದು, ಹರಿವಿಗೆ ಎದುರಾಗಿ ಮೇಲಕ್ಕೆ ಫ್ಲೈ ಎಸೆಯುತ್ತ, ಒಂದೊಂದೇ ಹೆಜ್ಜೆ ಮುಂದೆ ಸಾಗುತ್ತಾರೆ. ಹೀಗಾಗಿ ಅವರು ಬಳಸುತ್ತಿರುವ ನೀರು ಅವರ ಕಾಲ ಬಳಿಯದಲ್ಲ, ಇನ್ನೂ ಮುಟ್ಟದಿರುವ ಮೇಲಿನ ನೀರು. ಬಂಡೆಯ ಮೇಲಿದ್ದವರು ಕಾಯುತ್ತಿದ್ದ ನೀರಿನ ನಡುವೆಯೇ ನೀವು ಕಾಲಿಟ್ಟಿದ್ದೀರಿ. ನಿಮ್ಮ ಬೂಟು ಕದಡಿದ ರಾಡಿ ಅವರ ಕಡೆಗೆ ಹರಿಯಿತು, ಮೀನುಗಳೂ ಬೆದರಿದವು. ಅವರಿಂದ ಕೆಳಕ್ಕೆ ಅಷ್ಟೇ ದೂರದಲ್ಲಿ ಇಳಿದಿದ್ದರೆ ಅವರು ಬಹುಶಃ ತಿರುಗಿಯೂ ನೋಡುತ್ತಿರಲಿಲ್ಲ.

ದಡದ ಮೇಲೆ ನಡೆಯುವವರೂ ಮೀನನ್ನು ಓಡಿಸಬಲ್ಲರು ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಬೆಳಕು ನೀರಿನ ಮೇಲ್ಮೈಯಲ್ಲಿ ಬಾಗುವುದರಿಂದ ಮೀನಿಗೆ ಹೊರಗಿನ ಇಡೀ ಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಮೀನು ಒಂದು ಮೀಟರ್ ಆಳದಲ್ಲಿದ್ದರೆ ಆ ಕಿಟಕಿಯ ಅಗಲ ಸುಮಾರು ಎರಡೂಕಾಲು ಮೀಟರ್. ನೀರಿನ ಮಟ್ಟಕ್ಕೆ ಹತ್ತಿರವಿರುವುದೆಲ್ಲ ಕಿಟಕಿಯ ಅಂಚಿನಲ್ಲಿ ನಜ್ಜುಗುಜ್ಜಾಗಿ ಕಾಣುವುದರಿಂದ, ಬಗ್ಗಿ ಬರುವವರು ಅದಕ್ಕೆ ಅಷ್ಟಾಗಿ ಕಾಣರು, ಎತ್ತರದ ದಡದ ಅಂಚಿನಲ್ಲಿ ನೆಟ್ಟಗೆ ನಿಂತವರು ಸ್ಪಷ್ಟವಾಗಿ ಕಾಣುತ್ತಾರೆ. ಕಾಲ್ತುಳಿತದ ಕಂಪನವನ್ನು ಮೀನು ಮೈ ಪಕ್ಕದ ಸಂವೇದನಾ ರೇಖೆಯಿಂದಲೂ ಗ್ರಹಿಸುತ್ತದೆ. ಆದುದರಿಂದ ಇನ್ನೊಬ್ಬರ ನೀರನ್ನು ದಾಟಿ ಹೋಗುವಾಗ ದಡದಿಂದ ದೂರ ಸರಿದು, ನೆರಳು ನೀರಿನ ಮೇಲೆ ಬೀಳದಂತೆ ನಡೆಯಬೇಕು. ಮಾತಿನ ಸದ್ದು ಅಷ್ಟು ಕೆಡುಕಲ್ಲ, ಏಕೆಂದರೆ ಗಾಳಿಯಲ್ಲಿನ ಸದ್ದು ನೀರಿನೊಳಗೆ ಇಳಿಯುವುದು ಬಹಳ ಕಡಿಮೆ.

ಅಂತರದ ಬಗ್ಗೆ ಒಂದು ಸಂಖ್ಯೆ ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನಾಲ್ಕು ಹೆಜ್ಜೆಯಲ್ಲಿ ದಾಟಬಹುದಾದ ತೊರೆಯಲ್ಲಿ ಒಬ್ಬರನ್ನು ಕಂಡರೆ ಒಂದೆರಡು ತಿರುವುಗಳನ್ನಾದರೂ ಬಿಟ್ಟು, ಅವರ ಕಣ್ಣಿಗೆ ಬೀಳದಷ್ಟು ದೂರ ಹೋಗುವುದು ನ್ಯಾಯ. ಅಗಲವಾದ ನದಿಯಲ್ಲಿ, ಜನ ತುಂಬಿರುವ ದಿನ, ಇಬ್ಬರ ಎಸೆತಗಳೂ ಒಂದನ್ನೊಂದು ಮುಟ್ಟದೆ ನಡುವೆ ಇನ್ನೊಂದಷ್ಟು ನೀರು ಉಳಿದರೆ ಸಾಲುತ್ತದೆ. ಸಂದೇಹವಿದ್ದಲ್ಲಿ ಕೇಳಿಬಿಡಿ. ದಡದ ಮೇಲಿಂದ, ಅವರ ಕೆಳಭಾಗದಲ್ಲಿ ನಿಂತು, ಅವರು ಎಸೆತ ಮುಗಿಸುವವರೆಗೆ ಕಾದು, ‘ನೀವು ಯಾವ ಕಡೆಗೆ ಹೋಗುತ್ತಿದ್ದೀರಿ? ನಾನು ಎಲ್ಲಿ ಇಳಿದರೆ ನಿಮಗೆ ಅಡ್ಡಿಯಾಗದು?’ ಎಂದರೆ ಸಾಕು. ಎಸೆತದ ನಡುವೆ ಹಿಂದಿನಿಂದ ಸಮೀಪಿಸಬಾರದೆನ್ನುವುದು ಬರೀ ಸೌಜನ್ಯದ ಮಾತಲ್ಲ: ಹಿಂದಕ್ಕೆ ಬೀಸಿದ ದಾರದ ತುದಿಯಲ್ಲಿ ಕೊಕ್ಕೆ ಇರುತ್ತದೆ, ಮತ್ತು ಅದು ಸಾಗುವುದು ಮನುಷ್ಯರ ಕಣ್ಣಿನ ಎತ್ತರದಲ್ಲಿ.

ಹಕ್ಕು ಎಂಬ ಮಾತನ್ನು ಎತ್ತಿದ್ದೀರಿ. ಕಾನೂನು ನಿರ್ಧರಿಸುವುದು ನೀವು ಅಲ್ಲಿರಬಹುದೇ ಎಂಬುದನ್ನು ಮಾತ್ರ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1985ರ ಕಾಯಿದೆಯ ಪ್ರಕಾರ ತೊರೆಯ ಸಾಮಾನ್ಯ ಉನ್ನತ ಜಲಮಟ್ಟದ ಗುರುತಿನೊಳಗೆ ಸಾರ್ವಜನಿಕರು ಓಡಾಡಬಹುದು. ಇಂಗ್ಲೆಂಡಿನಲ್ಲಿ ಬಹುತೇಕ ಹೊಳೆಗಳ ಮೀನು ಹಿಡಿಯುವ ಹಕ್ಕು ದಡದ ಒಡೆಯರದೋ ಅವರಿಂದ ಗುತ್ತಿಗೆ ಪಡೆದ ಕ್ಲಬ್ಬುಗಳದೋ ಆಗಿದ್ದು, ಅನೇಕ ಕಡೆ ಇಂಥವರಿಗೆ ಇಂಥ ಭಾಗವೆಂದು ಹಂಚಲಾಗುತ್ತದೆ. ಒಳಗೆ ಬಂದ ಇಬ್ಬರ ನಡುವಿನದನ್ನು ಎರಡೂ ಕಡೆ ರೂಢಿಯೇ ನಡೆಸುತ್ತದೆ.

ಪ್ರಶ್ನೆ: ನಾನು ಮುಳುಗುವ ಫ್ಲೈ ಬಳಸಿ ಹರಿವಿನೊಂದಿಗೆ ಕೆಳಕ್ಕೆ ಬರುತ್ತೇನೆ. ಎದುರಿನಿಂದ ಮೇಲಕ್ಕೆ ಬರುವವರು ಸಿಕ್ಕರೆ ದಾರಿ ಬಿಡಬೇಕಾದವರು ಯಾರು?

ಉತ್ತರ: ಸಾಮಾನ್ಯ ಟ್ರೌಟ್ ತೊರೆಯಲ್ಲಿ ನೀವೇ. ಮೇಲಕ್ಕೆ ಸಾಗುವವರು ಬಿಟ್ಟುಬಂದ ನೀರು ನಿಮಗೆ ಸಿಗುತ್ತದೆ; ನೀವು ತುಳಿದು ಬಂದ ನೀರಿನಲ್ಲಿ ಅವರಿಗೆ ಏನೂ ಉಳಿದಿರುವುದಿಲ್ಲ. ಎದುರಿನವರು ಕಂಡೊಡನೆ ದಾರವನ್ನು ಸುತ್ತಿಕೊಂಡು, ನೀರಿನಿಂದ ಮೇಲೆದ್ದು, ದಡದ ಆಚೆಯಿಂದ ಬಳಸಿ ಅವರ ಕೆಳಗೆ ಸಾಕಷ್ಟು ದೂರದಲ್ಲಿ ಮತ್ತೆ ಇಳಿಯಿರಿ.

ಆದರೆ ಸಾಲ್ಮನ್ ಮತ್ತು ಸಮುದ್ರದಿಂದ ಮರಳುವ ಸ್ಟೀಲ್‌ಹೆಡ್ ಟ್ರೌಟ್ ಇರುವ ದೊಡ್ಡ ನದಿಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಎಲ್ಲರೂ ಕೆಳಮುಖವಾಗಿಯೇ ಸಾಗುತ್ತಾರೆ. ಹೊಸದಾಗಿ ಬಂದವರು ಮಡುವಿನ ಮೇಲ್ತುದಿಯಲ್ಲಿ, ಮುಂದಿನವರು ಸಾಕಷ್ಟು ಕೆಳಗೆ ಸರಿದ ಮೇಲೆ ಇಳಿದು, ಒಂದು ಎಸೆತ, ಒಂದೆರಡು ಹೆಜ್ಜೆ, ಮತ್ತೊಂದು ಎಸೆತ ಎಂದು ಮುಂದುವರಿಯಬೇಕು. ಕೆಳತುದಿ ತಲುಪಿದವರು ದಡ ಹತ್ತಿ ಮತ್ತೆ ಸಾಲಿನ ಹಿಂದಕ್ಕೆ ಬರಬೇಕು. ಒಳ್ಳೆಯ ಜಾಗ ಸಿಕ್ಕಿತೆಂದು ಅಲ್ಲಿಯೇ ಬೇರೂರಿ ನಿಲ್ಲುವವರು ಅಲ್ಲಿ ಎಲ್ಲರ ಸಿಟ್ಟಿಗೆ ಗುರಿಯಾಗುತ್ತಾರೆ, ಆ ಸಿಟ್ಟು ಸಕಾರಣವೂ ಹೌದು. ದೋಣಿಯಲ್ಲಿ ಬರುವವರಾದರೆ ಸಾಧ್ಯವಿರುವಲ್ಲೆಲ್ಲ, ನಿಂತು ಗಾಳ ಹಾಕುತ್ತಿರುವವರ ಬೆನ್ನ ಹಿಂದಿನಿಂದ ಸಾಗಬೇಕು, ಅವರ ಮುಂದೆ ಲಂಗರು ಹಾಕಬಾರದು.

ಬಳಸಿ ಹೋಗುವಾಗ ನುರುಜುಗಲ್ಲಿನ ಮೇಲೆ ಕಾಲಿಡುವ ಮುನ್ನ ನೋಡಿಕೊಳ್ಳಿ. ಸುತ್ತಲಿನ ಕಲ್ಲುಗಳು ಪಾಚಿಗಟ್ಟಿ ಕಪ್ಪಾಗಿರುವಾಗ ನಡುವೆ ಒಂದು ಕಡೆ ಮಾತ್ರ ತೊಳೆದಿಟ್ಟಂತೆ ಬೆಳ್ಳಗಿನ ಕಲ್ಲಿನ ಪಟ್ಟೆಯೂ ಅದರ ಕೆಳಗೆ ಸಣ್ಣ ದಿಬ್ಬವೂ ಕಂಡರೆ, ಅದು ಹೆಣ್ಣು ಮೀನು ಬಾಲದಿಂದ ಕೆರೆದು ಮೊಟ್ಟೆ ಹೂತಿರುವ ಗೂಡು. ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಟ್ರೌಟ್ ಹೆಚ್ಚಾಗಿ ವಸಂತದಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಕಲ್ಲಿನೊಳಗಿಂದ ಹೊರಬರಲು ಹಲವು ವಾರಗಳು, ತಣ್ಣೀರಿನಲ್ಲಿ ತಿಂಗಳುಗಳೇ ಬೇಕು. 1992ರಲ್ಲಿ ಪ್ರಕಟವಾದ ಮೊಂಟಾನಾದ ಒಂದು ಅಧ್ಯಯನದಲ್ಲಿ, ಆ ಅವಧಿಯುದ್ದಕ್ಕೂ ದಿನಕ್ಕೆರಡು ಬಾರಿ ತುಳಿದ ಗೂಡುಗಳಲ್ಲಿ ಮೊಟ್ಟೆ ಮರಿಗಳ ಸಾವು ಶೇ. 96ರವರೆಗೂ ಏರಿತ್ತು, ಒಡೆಯುವುದಕ್ಕೆ ಸ್ವಲ್ಪ ಮೊದಲು ಒಂದೇ ಬಾರಿ ತುಳಿದದ್ದೂ ಶೇ. 43ರವರೆಗೆ ಕೊಂದಿತ್ತು. ಕಿಕ್ಕಿರಿದ ತೊರೆಯಲ್ಲಿ ಎಲ್ಲರೂ ಒಂದೇ ಸುಲಭದ ಜಾಗದಲ್ಲಿ ದಾಟುವುದರಿಂದ ಈ ತುಳಿತ ಅಲ್ಲಿಯೇ ಹೆಚ್ಚು.

ಪ್ರಶ್ನೆ: ಯಾರಾದರೂ ನನ್ನ ಮುಂದೆಯೇ ಬಂದು ಇಳಿದರೆ ಏನು ಮಾಡಲಿ?

ಉತ್ತರ: ಹೇಳಿ, ಆದರೆ ಆರೋಪವಾಗಿ ಹೇಳಬೇಡಿ. ‘ನಾನು ಮೇಲಕ್ಕೆ ಆ ಬಂಡೆಯವರೆಗೆ ಹೋಗುವವನಿದ್ದೇನೆ, ನೀವು ಅದರ ಆಚೆಗೆ ಇಳಿಯುತ್ತೀರಾ?’ ಎಂದರೆ ಬಹುತೇಕರು ಕ್ಷಮೆ ಕೇಳಿ ಸರಿಯುತ್ತಾರೆ, ಏಕೆಂದರೆ ಅವರಲ್ಲಿ ಹೆಚ್ಚಿನವರಿಗೆ ನೀವು ಯಾವ ದಿಕ್ಕಿಗೆ ಹೋಗುತ್ತಿದ್ದೀರೆಂಬುದೇ ಗೊತ್ತಿರುವುದಿಲ್ಲ. ಸರಿಯದವರೊಡನೆ ವಾದಕ್ಕಿಳಿದರೆ ಇಬ್ಬರ ಮುಂದಿನ ನೀರೂ ಕೆಡುತ್ತದೆ. ನೀವೇ ಬೇರೆ ಮಡುವಿಗೆ ಹೋಗುವುದು ಲಾಭ. ಸಂಜೆ ಮೇಫ್ಲೈ ಎಂಬ ಕೀಟಗಳು ನೀರಿನಿಂದ ಏಳುವ ಹೊತ್ತಿನಲ್ಲಿ ಎಲ್ಲರಿಗೂ ಒಂದೇ ಮಡು ಬೇಕಾಗುವುದರಿಂದ, ಬಂದೊಡನೆ ಯಾರು ಎಲ್ಲಿಂದ ಎಲ್ಲಿಯವರೆಗೆ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ಆಗ ಪಕ್ಕದವರ ಕೊಕ್ಕೆಗೆ ದೊಡ್ಡ ಮೀನು ಸಿಕ್ಕಿ ಅದು ನಿಮ್ಮ ಕಡೆಗೆ ಧಾವಿಸಿದರೆ, ಕೇಳುವವರೆಗೆ ಕಾಯದೆ ನಿಮ್ಮ ದಾರವನ್ನು ಸುತ್ತಿಕೊಂಡು ದಡಕ್ಕೆ ಸರಿಯಿರಿ. ಮೀನು ದಡ ಸೇರಿದ ಮೇಲೆ ನೀವು ಮೊದಲಿದ್ದ ಜಾಗ ನಿಮ್ಮದೇ. ಆ ಗಡಿಬಿಡಿಯಲ್ಲಿ ಮತ್ತೊಬ್ಬರು ಬಂದು ಅಲ್ಲಿ ನಿಂತಿದ್ದರೆ ಬಿಡಿಸಿಕೊಡಬೇಕಾದವರು ಮೀನು ಹಿಡಿದವರು.