1920ರ ದಶಕದ ಫ್ಲ್ಯಾಪರ್ ತರುಣಿಯರ ಆಡುಮಾತುಗಳಿಗೆ ಏನರ್ಥ?

ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಜಾಸ್ ಸಂಗೀತಕ್ಕೆ ಕುಣಿಯುತ್ತ, ಹಳೆಯ ಕಟ್ಟುಪಾಡುಗಳನ್ನು ಲೆಕ್ಕಿಸದೆ ಓಡಾಡುತ್ತಿದ್ದ ತರುಣಿಯರನ್ನು ಫ್ಲ್ಯಾಪರ್‌ಗಳೆಂದು ಕರೆಯುತ್ತಿದ್ದರು. ಅವರ ಆಡುಮಾತು ಮದುವೆಯನ್ನೂ ಹಿರಿಯರ ಕಾವಲನ್ನೂ ಗೇಲಿ ಮಾಡುವಾಗಲೇ ಹೆಚ್ಚು ಹರಿತವಾಗಿತ್ತು ಎಂಬುದು ನನ್ನ ಅನಿಸಿಕೆ: ನಿಶ್ಚಿತಾರ್ಥದ ಉಂಗುರವನ್ನು ‘ಹ್ಯಾಂಡ್‌ಕಫ್’, ಅಂದರೆ ಕೈಕೋಳ ಎಂದೂ, ಯುವಜೋಡಿಯ ಮೇಲೆ ಕಣ್ಣಿಡಲು ಜೊತೆಗೆ ಬರುವ ಹಿರಿಯರನ್ನು ‘ಫೈರ್ ಎಕ್ಸ್‌ಟಿಂಗ್ವಿಶರ್’, ಅಂದರೆ ಬೆಂಕಿ ಆರಿಸುವ ಸಾಧನ ಎಂದೂ, ಮೂವತ್ತು ದಾಟಿದ ಯಾವ ಗಂಡಸನ್ನಾದರೂ (ಪಾಪ!) ‘ಫಾದರ್ ಟೈಮ್’ ಎಂದೂ ಅವರು ಹಾಸ್ಯ ಮಾಡುತ್ತಿದ್ದರು. ‘ಬ್ಯಾಂಕ್ ಈಸ್ ಕ್ಲೋಸ್ಡ್’ ಎಂದರೆ ಮುತ್ತು ಕೊಡುವುದಿಲ್ಲ ಎಂದರ್ಥ.

1920ರಿಂದ 1933ರವರೆಗೆ ಜಾರಿಯಲ್ಲಿದ್ದ ಪಾನನಿಷೇಧವೂ ಈ ಪದಕೋಶವನ್ನು ಬೆಳೆಸಿತು. ಕದ್ದುಮುಚ್ಚಿ ಮದ್ಯ ಮಾರುವ ಅಡ್ಡೆ ‘ಸ್ಪೀಕ್‌ಈಸಿ’, ಮದ್ಯವು ‘ಗಿಗಲ್ ವಾಟರ್’, ಅಂದರೆ ನಗೆನೀರು. ಕುಡಿದು ಮೈಮರೆತವನು ‘ಆಸಿಫೈಡ್’.

‘ಬೀಸ್ ನೀಸ್’ (ಜೇನ್ನೊಣದ ಮೊಣಕಾಲು), ‘ಕ್ಯಾಟ್ಸ್ ಪಜಾಮಾಸ್’ (ಬೆಕ್ಕಿನ ಪೈಜಾಮ) ಎಂಬ ಮಾತುಗಳಲ್ಲಿ ಅಕ್ಷರಶಃ ಅರ್ಥವನ್ನು ಹುಡುಕಬೇಕಾಗಿಲ್ಲ. ಅವೆರಡೂ ‘ಬಲು ಸೊಗಸು’ ಎಂಬ ಮೆಚ್ಚುಗೆಯ ಉದ್ಗಾರಗಳಷ್ಟೆ. ಹೆಣ್ಣುಮಕ್ಕಳ ಮನಗೆಲ್ಲುವ ತರುಣನಿಗೆ ‘ಶೇಕ್’ ಎಂಬ ಹೆಸರು ಜನಪ್ರಿಯವಾದದ್ದು ರುಡಾಲ್ಫ್ ವ್ಯಾಲೆಂಟಿನೊ ನಟಿಸಿದ, ಅದೇ ಹೆಸರಿನ 1921ರ ಚಲನಚಿತ್ರದಿಂದ. ಅವನಿಗೆ ಜೋಡಿಯಾದ ಚೆಲುವೆ ‘ಶೀಬಾ’.