ಉಪ್ಪಿನ ಕೋಣೆ: ಸೀಲರ್ ಬೇಡ ಮೇಡಂ, ಮೊದಲು ಹ್ಯುಮಿಡಿಫೈಯರ್ ಆಫ್ ಮಾಡಿ

ಮೇಡಂ, ಫೋಟೋ ನೋಡಿದೆ. ಗುಲಾಬಿ ಉಪ್ಪಿನ ಇಟ್ಟಿಗೆ ಜೋಡಿಸಿ, ಹಿಂದೆ ಬಲ್ಬ್ ಹಾಕಿ, ನೀರನ್ನ ಮಂಜು ಮಾಡಿ ಗಾಳಿಗೆ ಬಿಡೋ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರಿಗೆ ಉಪ್ಪುನೀರು ತುಂಬಿ, ಬಾಗಿಲು ಮುಚ್ಚಿ ಅಸ್ತಮಾ ಇರೋ ಮಗನನ್ನ ಉಸಿರಿಗೆ ಒಳ್ಳೇದು ಅಂತ ಕೂರಿಸ್ತಿದ್ದೀರಿ. ಗೋಡೆ ಬೆವರ್ತಿದೆ, ನೀರು ತಡೆಯೋ ಲೇಪ, ಅಂದ್ರೆ ಸೀಲರ್, ಯಾವುದು ಹಚ್ಚಲಿ ಅಂತ ನಿಮ್ಮ ಪ್ರಶ್ನೆ. ನಿಮ್ಮ ಪೋಸ್ಟಿನ ಕೆಳಗೆ ಕಾಮೆಂಟಲ್ಲಿ ಆಗಲೇ ಸೀಲರ್ ಹೆಸರುಗಳ ಸಾಲೇ ಬಿದ್ದಿದೆ. ಸೀಲರ್ ಹಚ್ಚಿದ ಮೇಲೆ ಅದು ಬರೀ ಗುಲಾಬಿ ಬಣ್ಣದ ಟೈಲ್ಸ್, ಅಷ್ಟೇ. ನಾನೂ ಇದೇ ಸೆಟಪ್ ಮಾಡಿ ಕೈ ಸುಟ್ಟುಕೊಂಡವನು, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ನಿಮ್ಮ ಸಮಸ್ಯೆ ಇಟ್ಟಿಗೆದಲ್ಲ, ತೇವದ್ದು. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವ 75% ದಾಟಿದ ಕೂಡಲೇ ನೀರು ಎಳ್ಕೊಂಡು ಕರಗೋಕೆ ಶುರು ಮಾಡುತ್ತೆ. ಗಣಿ ಉಪ್ಪಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸ್ವಲ್ಪ ಸೇರಿದ್ರೂ ಸಾಕು, ಅದು 33% ಹತ್ರಾನೇ ನೀರು ಹೀರೋ ಜಾತಿ. ಹಾಗಾಗಿ ತೇವ ಅಳೆಯೋ ಮೀಟರ್ (ಹೈಗ್ರೋಮೀಟರ್) 60-65 ತೋರಿಸ್ತಿದ್ರೂ ಇಟ್ಟಿಗೆ ಮುಟ್ಟಿದ್ರೆ ಅಂಟಂಟು. ಅಂಥ ಕೋಣೆಗೆ ನೀವು ಮಂಜು ಬೇರೆ ಬಿಡ್ತಿದ್ದೀರಿ.

ಆ ನೀರು ಎಲ್ಲಿ ಹೋಗುತ್ತೆ ಅಂತ ಯಾರೂ ನೋಡಲ್ಲ. ಇಟ್ಟಿಗೆ ಹಿಂದೆ ಇಳಿಯುತ್ತೆ. ನನ್ನ ಕೋಣೆಯಲ್ಲಿ ಮುಂದೆ ನಿಂತು ನೋಡಿದ್ರೆ ಎಲ್ಲಾ ಚಂದ, ಹಿಂದೆ ಪ್ಲಾಸ್ಟರ್ ಉಪ್ಪುನೀರು ಕುಡಿದು, ಒಣಗಿದಾಗ ಒಳಗೇ ಹರಳು ಕಟ್ಟಿ, ಹಪ್ಪಳದ ಥರ ಎದ್ದು ಬಂದಿತ್ತು. ಕೆಳಗಿನ ಸಾಲಿನ ಇಟ್ಟಿಗೆ ತೆಗೆದ್ರೆ ಕಪ್ಪು ಬೂಷ್ಟು. ಬಲ್ಬ್ ಹೋಲ್ಡರ್ ಹಸಿರು ತುಕ್ಕು ಹಿಡಿದಿತ್ತು, ಮುಟ್ಟಿದ್ರೆ ಜುಂ ಅನ್ನೋದು. ಉಸಿರಿಗೆ ಒಳ್ಳೇದು ಅಂತ ಮಾಡಿದ ಕೋಣೆಯಲ್ಲಿ ಅಸ್ತಮಾ ಕೆರಳಿಸೋ ಬೂಷ್ಟು ಸಾಕಿದ ಹಾಗಾಯ್ತು. ಇಟ್ಟಿಗೆಯನ್ನ ಗೋಡೆಗೆ ಅಂಟಿಸ್ಲೇಬಾರದು. ಹಿಂದೆ ಗಾಳಿ ಆಡೋಕೆ ಜಾಗ ಬಿಟ್ಟು, ಮರದ ಚೌಕಟ್ಟಿಗೆ ಕೂರಿಸ್ಬೇಕು. ಕಬ್ಬಿಣದ ಚೌಕಟ್ಟು ಬೇಡ, ತುಕ್ಕು ಗ್ಯಾರಂಟಿ. ದೀಪ ಲೋ ವೋಲ್ಟೇಜ್ ಎಲ್‌ಇಡಿ ಇರಲಿ, ಅಡಾಪ್ಟರ್ ಕೋಣೆ ಹೊರಗೆ.

ಈಗ ಹೈಗ್ರೋಮೀಟರ್ ವಿಷಯ. ಎಲ್ಲರೂ ಇದನ್ನೇ ಬಿಡ್ತಾರೆ, ನಾನು ಇದನ್ನೇ ಹಿಡ್ಕೊಂಡು ಕೂರ್ತೀನಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಡಿ. ಕೆಸರಾಗ್ಬೇಕು, ಕರಗಬಾರದು. ಮುಚ್ಚಳಾನೂ ಮೀಟರನ್ನೂ ಒಂದೇ ಜಿಪ್ ಕವರಲ್ಲಿ ಹಾಕಿ ಮುಚ್ಚಿ, ರಾತ್ರಿಯಿಡೀ ಬಿಡಿ. ಮೀಟರಿಗೆ ಉಪ್ಪು ತಾಗಬಾರದು. ಬೆಳಿಗ್ಗೆ 75 ತೋರಿಸ್ಬೇಕು. 69 ಬಂದ್ರೆ ನಿಮ್ಮ ಮೀಟರ್ 6 ಕಡಿಮೆ ಹೇಳ್ತಿದೆ ಅಂತ ಅರ್ಥ, ಅದರ ಮೇಲೇ ಬರೆದು ಅಂಟಿಸಿ. ಥರ್ಮೋಪ್ರೋ ಥರದ ಡಿಜಿಟಲ್ ಸಾಕು. ಮುಳ್ಳಿರೋ ಡಯಲ್ ಮೀಟರನ್ನ ನಾನು ನಂಬಲ್ಲ, ಅದು ಶೋಕೇಸಿಗೆ. ಕೋಣೆ 40ರಿಂದ 55ರೊಳಗೆ ಇರೋ ಹಾಗೆ ನೋಡ್ಕೊಳ್ಳಿ. ಅದಕ್ಕೆ ಬೇಕಿರೋದು ಡಿಹ್ಯುಮಿಡಿಫೈಯರ್, ನೀವು ತಂದಿರೋದಕ್ಕೆ ತದ್ವಿರುದ್ಧ ಯಂತ್ರ.

ಹ್ಯುಮಿಡಿಫೈಯರಿಗೆ ಉಪ್ಪು ಹಾಕ್ಬೇಡಿ ಅಂತ ಅದರ ಮ್ಯಾನ್ಯುಯಲ್ಲೇ ಹೇಳುತ್ತೆ, ಯಾರು ಓದ್ತಾರೆ! ಕಂಪಿಸೋ ಡಿಸ್ಕ್ ಹಾಳಾಗುತ್ತೆ, ಅದು ಹೋಗಲಿ. ನೀರಲ್ಲಿ ಏನೇನು ಕರಗಿದೆಯೋ ಅಷ್ಟೂ ಹನಿ ಜೊತೆ ಗಾಳಿಗೆ ಏರುತ್ತೆ. ಎಷ್ಟು, ಯಾವ ಗಾತ್ರದ್ದು ಅನ್ನೋದಕ್ಕೆ ಲೆಕ್ಕ ಇಲ್ಲ.

ಇನ್ನು ಬರೀ ಗೋಡೆಯಿಂದ ಉಪ್ಪು ಗಾಳಿಗೆ ಬರುತ್ತೆ ಅನ್ನೋದು ಬಿಟ್ಟುಬಿಡಿ. ಉಪ್ಪು ಆವಿಯಾಗೋ ವಸ್ತು ಅಲ್ಲ, ಬಲ್ಬಿನ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಉಪ್ಪಿನ ಕೋಣೆ ಚಿಕಿತ್ಸೆ ಕೊಡೋ ಸೆಂಟರುಗಳಲ್ಲಿ ಕೆಲಸ ಮಾಡೋದು ಹ್ಯಾಲೋಜನರೇಟರ್. ಒಣ ಉಪ್ಪನ್ನ 1ರಿಂದ 5 ಮೈಕ್ರಾನ್ ಪುಡಿ ಮಾಡಿ ಊದುತ್ತೆ. ಅದಕ್ಕಿಂತ ದಪ್ಪ ಕಣ ಮೂಗು-ಗಂಟಲಲ್ಲೇ ನಿಲ್ಲುತ್ತೆ. ಅದಕ್ಕೆ ಹಾಕೋದು ಔಷಧ ದರ್ಜೆಯ ಬಿಳಿ ಸೋಡಿಯಂ ಕ್ಲೋರೈಡ್, ಗುಲಾಬಿದು ಅಲ್ಲ. ಅಯೋಡಿನ್ ಉಪ್ಪೂ ಬೇಡ, ಗಂಟು ಕಟ್ಟದಿರೋ ಪುಡಿ ಬೆರೆಸಿದ್ದೂ ಬೇಡ. 2017ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಸಣ್ಣ ಪ್ರಯೋಗ ಇದೆ, ಸೌಮ್ಯ ಅಸ್ತಮಾ ಇದ್ದ ಮಕ್ಕಳ ಮೇಲೆ. ಅದರಲ್ಲಿ ಒಂದು ಗುಂಪಿಗೆ ಯಂತ್ರ ಇರೋ ಉಪ್ಪಿನ ಕೋಣೆ, ಇನ್ನೊಂದಕ್ಕೆ ಯಂತ್ರ ಇಲ್ಲದ ಉಪ್ಪಿನ ಕೋಣೆ. ಅಂದ್ರೆ ನಿಮ್ಮ ಇಟ್ಟಿಗೆ ಗೋಡೆ ಅಲ್ಲಿ 'ಏನೂ ಕೊಡದ' ಗುಂಪಿನ ಪಾಲು! ಯಂತ್ರದ ಗುಂಪಲ್ಲಿ ಶ್ವಾಸನಾಳ ಕೆರಳೋದು ಕಡಿಮೆಯಾಯ್ತು, ಆದ್ರೆ ಊದೋ ಪರೀಕ್ಷೆ, ಅಂದ್ರೆ ಸ್ಪೈರೋಮೆಟ್ರಿ, ಬದಲಾಗಲಿಲ್ಲ. ಅಷ್ಟಕ್ಕೇ 'ಅಸ್ತಮಾ ಮಾಯ' ಅಂತ ಬೋರ್ಡ್ ಹಾಕೋರನ್ನ ಕಂಡ್ರೆ ನನಗೆ ಉರಿಯುತ್ತೆ.

ಕಾಮೆಂಟಲ್ಲಿ ಒಬ್ಬರು ಜರ್ಮನಿಯ ಕ್ಲೂಟರ್ಟ್ ಗುಹೆ ಕಥೆ ಹಾಕಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಒಳಗೆ ಕೂತವರ ಉಸಿರಾಟ ಸುಧಾರಿಸಿದ್ದನ್ನ ಡಾ. ಸ್ಪನ್ನಾಗೆಲ್ ಗಮನಿಸಿದ್ದು ನಿಜ. ಆದ್ರೆ ಸರ್, ಅದು ಸುಣ್ಣಕಲ್ಲಿನ ಗುಹೆ, ಉಪ್ಪಿನದಲ್ಲ! ಉಪ್ಪಿನ ಕಥೆ ಬೇಕಿದ್ರೆ 19ನೇ ಶತಮಾನದಲ್ಲಿ ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯಲ್ಲಿ ಡಾ. ಬೊಚ್ಕೋವ್‌ಸ್ಕಿ ರೋಗಿಗಳಿಗೆ ಚಿಕಿತ್ಸೆ ಕೊಟ್ಟಿದ್ದು ಇದೆ. ಅಲ್ಲೂ ನೆಲದಾಳದಲ್ಲಿ ಪರಾಗ ಇಲ್ಲ, ಹೊಗೆ ಇಲ್ಲ, ತಾಪಮಾನ ಏರಿಳಿಯಲ್ಲ. ಆರಾಮ ಆಗಿದ್ರಲ್ಲಿ ಉಪ್ಪಿನ ಪಾಲೆಷ್ಟು, ಧೂಳಿಲ್ಲದ ಗಾಳಿಯ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ನನ್ನನ್ನ ಕೇಳಿದ್ರೆ ಮನೆಯಲ್ಲಿ ಇಟ್ಟಿಗೆಗೆ ಸುರಿಯೋ ದುಡ್ಡಲ್ಲಿ ಗಾಳಿಯ ಸಣ್ಣ ಧೂಳು ಸೋಸೋ ಒಂದು ಒಳ್ಳೆ ಹೆಪಾ ಫಿಲ್ಟರ್ ತಗೊಳ್ಳಿ.

ಬೈತೀನಿ ಅಂತ ಅಂದ್ಕೋಬೇಡಿ, ಆದ್ರೆ ಇದನ್ನ ಹೇಳ್ಲೇಬೇಕು. 'ಇನ್ಹೇಲರ್ ನಿಧಾನಕ್ಕೆ ಬಿಡಿಸ್ತೀನಿ' ಅಂತ ಕೊನೆ ಸಾಲಲ್ಲಿ ಬರ್ದಿದ್ದೀರಲ್ಲ, ದಯವಿಟ್ಟು ಬೇಡ. ಶ್ವಾಸನಾಳ ಎಷ್ಟು ಸೂಕ್ಷ್ಮ ಅಂತ ಪರೀಕ್ಷೆ ಮಾಡೋಕೆ ಡಾಕ್ಟರುಗಳು 4.5% ಉಪ್ಪುನೀರಿನ ಮಂಜನ್ನೇ ಕೊಟ್ಟು ಬೇಕಂತಲೇ ಕೆರಳಿಸಿ ನೋಡ್ತಾರೆ. ಅದೂ ಔಷಧ ಪಕ್ಕದಲ್ಲಿಟ್ಟುಕೊಂಡು. ನೀವು ಅದನ್ನೇ ಅಳತೆ ಇಲ್ಲದೆ, ಬಾಗಿಲು ಮುಚ್ಚಿ ಮಾಡ್ತಿದ್ದೀರಿ. ಸೆಂಟರಿಗೆ ಕರ್ಕೊಂಡು ಹೋದ್ರೂ ತಕ್ಷಣ ಉಸಿರು ಸಡಿಲಿಸೋ ರಿಲೀವರ್ ಇನ್ಹೇಲರ್ ಜೇಬಲ್ಲಿರಲಿ, ಎದೆ ಬಿಗಿ ಅಂದ ತಕ್ಷಣ ಎದ್ದು ಬನ್ನಿ. ಕೆಮ್ಮು ಬಂದ್ರೆ 'ವಿಷ ಹೊರಗೆ ಹೋಗ್ತಿದೆ' ಅನ್ನೋ ಸೆಂಟರಿಗೆ ಮತ್ತೆ ಕಾಲಿಡ್ಬೇಡಿ. ಜ್ವರ, ಕಫದಲ್ಲಿ ರಕ್ತ, ಟಿಬಿ, ಹಿಡಿತಕ್ಕೆ ಬರದ ಬಿಪಿ ಇರೋರು ಹೋಗ್ಲೇಬಾರದು.

ಮೂಗು ಕಟ್ಟೋದೇ ಮುಖ್ಯ ತೊಂದರೆ ಅಂದ್ರೆ ಕೋಣೆ ಗಲಾಟೆಯೇ ಬೇಡ, ಮೂಗು ತೊಳೆಯೋದು ಎಷ್ಟೋ ವಾಸಿ. ಲೀಟರಿಗೆ 9 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ತೂಕ ಮಾಡಿ, ಚಮಚದ ಲೆಕ್ಕ ಬೇಡ. ಮೂಗು ತೊಳೆಯೋಕೆ ರೆಡಿ ಸಿಗೋ ನೀಲ್‌ಮೆಡ್ ಉಪ್ಪಿನ ಸ್ಯಾಚೆಟ್ ನನಗಿಷ್ಟ, ಸೋಡಿಯಂ ಬೈಕಾರ್ಬೊನೇಟ್ ಸೇರಿರೋದ್ರಿಂದ ಉರಿ ಕಡಿಮೆ. ನೀರು ಮಾತ್ರ ಕುದಿಸಿ ಆರಿಸಿದ್ದು ಅಥವಾ ಡಿಸ್ಟಿಲ್ಡ್. ನಲ್ಲಿ ನೀರು ನೇರ ಹಾಕಿದ್ರೆ ಅಪರೂಪಕ್ಕೆ ಮೆದುಳಿಗೇ ಏರೋ ಅಮೀಬಾ ಇರುತ್ತೆ, ತಮಾಷೆ ಅಲ್ಲ.

ಫೋಟೋದಲ್ಲಿ ಬೆಕ್ಕು ಇಟ್ಟಿಗೆ ನೆಕ್ತಾ ಇರೋದೂ ಕಂಡಿತು. ಮುದ್ದಾಗಿದೆ, ಆದ್ರೆ ಉಪ್ಪು ಜಾಸ್ತಿಯಾದ್ರೆ ಬೆಕ್ಕಿಗೆ ವಿಷವೇ, ಒಳಗೆ ಬಿಡ್ಬೇಡಿ. ಇಟ್ಟಿಗೆ ಬಿಚ್ಚಿದ ಮೇಲೆ ಗೋಡೆಯ ಬಿಳಿ ಪುಡಿಯನ್ನ ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದ್ರೆ ಉಪ್ಪು ಮತ್ತೆ ಒಳಗೇ ಇಳಿಯುತ್ತೆ. ಡೊಳ್ಳಾದ ಪ್ಲಾಸ್ಟರ್ ಕೆತ್ತಿ ತೆಗೆಸಿ, ಪೂರ್ತಿ ಒಣಗೋ ತನಕ ಪೇಂಟ್ ಮುಟ್ಟಬೇಡಿ.