ಅರಿವು ಕೇಂದ್ರದಲ್ಲಿ ವೃತ್ತಿ ಪರಿಚಯ ಕಾರ್ಯಾಗಾರ

ಪ್ರಶ್ನೆ: ನಾನು ಮಲ್ಪೆ ಸಮೀಪದ ಗ್ರಾಮ ಪಂಚಾಯತ್ ಅರಿವು ಕೇಂದ್ರವೊಂದರ (ಗ್ರಾಮದ ಗ್ರಂಥಾಲಯ) ಮೇಲ್ವಿಚಾರಕಿ. ಬಂದರಿನ ಕೂಲಿಕಾರರ, ಬೀಡಿ ಕಟ್ಟುವವರ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಹಾಗೂ ಕೊರಗ ಸಮುದಾಯದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಒಬ್ಬಳಿಗೆ ದೃಷ್ಟಿ ತೀರಾ ಮಂದ. ಇನ್ನೊಬ್ಬ ಗಾಲಿಕುರ್ಚಿ ಬಳಸುತ್ತಾನೆ. ಕಳೆದ ವರ್ಷ ಅಧಿಕಾರಿಗಳನ್ನು ಕರೆಸಿ ಭಾಷಣ ಮಾಡಿಸಿದೆವು. ಮುಂದೆ ಏನಾಗುತ್ತೀರಿ ಎಂದು ಕೇಳಿದಾಗ ಎಲ್ಲರೂ ‘ಡಾಕ್ಟರ್, ಪೊಲೀಸ್’ ಎಂದರು; ಅಲ್ಲಿಗೆ ಮುಗಿಯಿತು. ಈ ಬಾರಿ ಹೇಗೆ ನಡೆಸಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಮಕ್ಕಳ ಉತ್ತರದಲ್ಲಿ ತಪ್ಪೇನೂ ಇಲ್ಲ, ಸಂಬಳದ ಕೆಲಸವೆಂದು ಅವರು ಹತ್ತಿರದಿಂದ ಕಂಡಿರುವುದೇ ಅಂಥ ಒಂದೆರಡನ್ನು. ಆದ್ದರಿಂದ ಈ ಸಲ ಭಾಷಣಕಾರರನ್ನು ಬಿಟ್ಟು, ತಮ್ಮ ಸಲಕರಣೆಗಳೊಂದಿಗೆ ಬರುವ ಕೆಲಸಗಾರರನ್ನು ಕರೆಯಿರಿ. ದೋಣಿಯ ಡೀಸೆಲ್ ಇಂಜಿನ್ ರಿಪೇರಿ ಮಾಡುವವರು ಇಂಧನ ಸಿಂಪಡಿಸುವ ಒಂದು ಹಳೆಯ ಇಂಜೆಕ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಅದರ ತುದಿಯ ಸಣ್ಣ ರಂಧ್ರಗಳು ಕಟ್ಟಿಕೊಂಡರೆ ಹೊಗೆ ಕಪ್ಪಾಗುವುದೇಕೆಂದು ವಿವರಿಸುತ್ತ, ಬಿಡಿಭಾಗಗಳನ್ನು ಮಕ್ಕಳ ಕೈಗೆ ಕೊಡಲಿ. ದೃಷ್ಟಿ ಮಂದವಿರುವ ಹುಡುಗಿಗೂ ಇದು ಮುಟ್ಟಿ ತಿಳಿಯುವ ಪಾಠವಾಗುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ದೋಣಿ ನಡೆಸುವ ತಂಡೇಲರು ದಡದಲ್ಲೇ ಸಿಗುತ್ತಾರೆ. ಬೇಸಿಗೆ ರಜೆಯಲ್ಲಿ ವಲಸೆ ಕುಟುಂಬಗಳ ಮಕ್ಕಳು ಊರಿಗೆ ಹೋಗಿಬಿಡುವುದೂ ಉಂಟಾದ್ದರಿಂದ, ಆ ಎರಡು ತಿಂಗಳ ಭಾನುವಾರಗಳೇ ನಿಮಗೆ ಅನುಕೂಲ.

ಕೆಲಸ ತೋರಿಸಿದ ದಿನವೇ ಅದರ ದಾರಿಯನ್ನೂ ಹೇಳಬೇಕು. ವೆಲ್ಡರ್‌ನಂಥ ಕೆಲವು ಐಟಿಐ ತರಬೇತಿಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿಯಿದೆ. ಬಂದರಿನ ಮಕ್ಕಳಲ್ಲಿ ಎಷ್ಟೋ ಮಂದಿ ಈ ಕಾಲೇಜಿನ ಹೆಸರನ್ನೇ ಕೇಳಿರುವುದಿಲ್ಲ.

ಒಂದು ಎಚ್ಚರಿಕೆ. ಕೊರಗ ಮಕ್ಕಳಿಗೆ ಬುಟ್ಟಿ ಹೆಣೆಯುವುದನ್ನು, ಮೀನುಗಾರರ ಮಕ್ಕಳಿಗೆ ಬಲೆಯನ್ನು ಹಂಚಿಕೊಡುವ ಕಾರ್ಯಾಗಾರ ಜಾತಿಯ ಪಟ್ಟಿಯನ್ನೇ ಮತ್ತೆ ಓದಿದಂತೆ. ಬುಟ್ಟಿ ಹೆಣೆಯುವ ಹಿರಿಯರನ್ನು ಕರೆಯುವುದಾದರೆ ಗೌರವಧನ ಕೊಟ್ಟು ಎಲ್ಲ ಮಕ್ಕಳಿಗೂ ಕಲಿಸಲು ಕರೆಯಿರಿ. ಜತೆಗೆ ಅದೇ ಸಮುದಾಯದಿಂದ ಓದಿ ಶಿಕ್ಷಕರೋ ನರ್ಸೋ ಆದವರಿದ್ದರೆ ಹುಡುಕಿ ಕರೆತನ್ನಿ. ಪ್ರಶ್ನೋತ್ತರ ತುಳುವಿನಲ್ಲಿ ನಡೆಯಲಿ, ಬ್ಯಾರಿಯಲ್ಲಿ ನಡೆಯಲಿ, ಬಾಗಲಕೋಟೆಯ ಕನ್ನಡದಲ್ಲಿ ನಡೆಯಲಿ. ಯಾರ ಮಾತಿಗೂ ಯಾರೂ ನಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಗಾಲಿಕುರ್ಚಿಯ ಹುಡುಗನಿಗೆ ಹಲಗೆಯೊಂದನ್ನು ಒರಗಿಸಿಟ್ಟು ರ‍್ಯಾಂಪ್ ಎನ್ನಬೇಡಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಜಾಗವಿಲ್ಲದಿದ್ದರೆ ಎಲ್ಲರನ್ನೂ ನೆಲಮಟ್ಟದ ಸಭಾಂಗಣಕ್ಕೆ ಕರೆದೊಯ್ಯಿರಿ. ಕೇಂದ್ರದ ಕಂಪ್ಯೂಟರಿನಲ್ಲಿ ಎನ್‌ವಿಡಿಎ ತಂತ್ರಾಂಶ ಹಾಕಿಸಿದರೆ ಅದು ಪರದೆಯ ಕನ್ನಡ ಪಠ್ಯವನ್ನು ಓದಿ ಹೇಳುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಪೋಷಕರ ಸಭೆಯನ್ನು ಮಾತ್ರ ತಾಯಂದಿರು ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಬ್ರಾಂಚಿಗೆ ಹೋಗುವ ಹೊತ್ತಿನಲ್ಲಿ ಇಡಬೇಡಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ ನೀಡುವ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆ ಅರ್ಜಿಯನ್ನು ಸಭೆಯ ದಿನವೇ ನಿಮ್ಮ ಕಂಪ್ಯೂಟರಿನಲ್ಲಿ ತುಂಬಿಸಿಕೊಡಬಹುದು.